ನಮ್ಮ ಬ್ಯಾಂಡು ಎಲ್ಲರದ್ದಾದಾಗ ಆಗೋ ಬೇಸರ: ಕಾರಣ ಎಲ್ಲಿದೆ?

ಮೊದಲ_ಸಾಲು

ನೂರೈವತ್ತು ಜನ ಕೂತು ಕೇಳ್ತಿದ್ದ ತಂಡ ಕೆಲವೇ ವರ್ಷದಲ್ಲಿ ಮೈದಾನದ ಜನಸಾಗರದ ಎದುರು ನಿಲ್ಲುತ್ತೆ. ಹಳೇ ಅಭಿಮಾನಿಗಳ ಬಾಯಲ್ಲಿ ಆಗ ಬರೋದು ಒಂದೇ ಮಾತು: "ಮೊದಲಿನ ಹಾಗಿಲ್ಲ." ಇದನ್ನ ಹೊಟ್ಟೆಕಿಚ್ಚು ಅಂತ ತಳ್ಳಿಹಾಕೋರೇ ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ಆ ಮಾತು ಆಡೋರ ಕಿವಿಗೆ ನಿಜವಾಗಿಯೂ ಏನೋ ಬೇರೆ ಕೇಳಿಸಿರುತ್ತೆ. ಏನು ಅಂತ ಬಿಡಿಸಿ ಹೇಳೋಕೆ ಬರದೇ "ಮಾರಿಕೊಂಡ್ರು" ಅಂದುಬಿಡ್ತಾರೆ, ಜಗಳ ಅಲ್ಲಿಂದ ಶುರುವಾಗುತ್ತೆ.

ನಮಗೆಲ್ಲ ಗೊತ್ತಿರೋ ಉದಾಹರಣೆ ತಗೊಳ್ಳೋಣ. ಮೈಸೂರಿನಲ್ಲಿ ಅಂತರಾಗ್ನಿ ಅನ್ನೋ ತಂಡದಿಂದ ಹೊರಟ ದಾರಿ ಮುಂದೆ ರಘು ದೀಕ್ಷಿತ್ ಪ್ರಾಜೆಕ್ಟ್ ಆಯ್ತು. 2008ರಲ್ಲಿ ಮೊದಲ ಆಲ್ಬಂ ಬಂತು, ಹೊರತಂದಿದ್ದು ಹಿಂದಿ ಸಿನಿಮಾ ಸಂಗೀತ ನಿರ್ದೇಶಕರ ಜೋಡಿ ವಿಶಾಲ್-ಶೇಖರ್ ಅವರ ಲೇಬಲ್. ಅದೇ ವರ್ಷ ಕನ್ನಡ ಸಿನಿಮಾ ಸಂಗೀತವೂ ಬಂತು. 2010ರಲ್ಲಿ ಬಿಬಿಸಿ ಟಿವಿಯ ಜೂಲ್ಸ್ ಹಾಲೆಂಡ್ ಸಂಗೀತ ಕಾರ್ಯಕ್ರಮ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವ. ಇಷ್ಟು ಬೇಗ ಇಷ್ಟು ಎತ್ತರ. ಲುಂಗಿ, ಗೆಜ್ಜೆ, ಪಿಟೀಲು ಎಲ್ಲ ಅವೇ, ಶಿಶುನಾಳ ಶರೀಫರ ಪದವೂ ಅದೇ. ಆದರೂ ಮುಂದಿನ ಸಾಲಿನಲ್ಲಿ ಕೂತು ಕೇಳಿದವರಿಗೆ ಏನೋ ಕಳೆದುಹೋದ ಹಾಗೆ. ಕಳೆದಿದ್ದು ಯಾವುದು, ಯಾಕೆ? ಗೊತ್ತಿರೋರು ಬಿಡಿಸಿ ಹೇಳಿ. ಯಾರನ್ನೂ ಬೈಯೋದು ಬೇಡ.

ಮಿಕ್ಸರ್_ಹಿಂದೆ

ಸೌಂಡ್ ಕಡೆಯಿಂದ ಹೇಳ್ತೀನಿ ಸರ್. "ಮೊದಲಿನ ಹಾಗಿಲ್ಲ" ಅನ್ನೋದರಲ್ಲಿ ದೊಡ್ಡ ಪಾಲು ಜಾಗದ್ದು, ಹಾಡುವವರದ್ದಲ್ಲ.

ಗಾಳಿಯಲ್ಲಿ ಶಬ್ದ ಹೋಗೋದು ಸೆಕೆಂಡಿಗೆ ಸುಮಾರು 345 ಮೀಟರ್. ಚಿಕ್ಕ ಹಾಲಿನಲ್ಲಿ ವೇದಿಕೆಯಿಂದ ಕೊನೇ ಕುರ್ಚಿಗೆ 12 ಮೀಟರ್ ಅಂದ್ಕೊಳ್ಳಿ. 35 ಮಿಲಿಸೆಕೆಂಡ್ ತಡ, ಕಿವಿಗೆ ಗೊತ್ತೇ ಆಗಲ್ಲ. ಮೈದಾನದಲ್ಲಿ 80 ಮೀಟರ್ ಹಿಂದೆ ನಿಂತವರಿಗೆ ತಾಳ ತಲುಪೋದೇ 230 ಮಿಲಿಸೆಕೆಂಡ್ ಆದ ಮೇಲೆ. ಅವರು ಆ ತಾಳಕ್ಕೆ ಚಪ್ಪಾಳೆ ಹೊಡೆದರೆ ಅದು ವೇದಿಕೆಗೆ ವಾಪಸ್ ಬರೋಕೆ ಇನ್ನೂ 230. ಒಟ್ಟು 460. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಪೆಟ್ಟಿಂದ ಪೆಟ್ಟಿಗೆ ಇರೋ ಅಂತರ 500 ಮಿಲಿಸೆಕೆಂಡ್. ಅಂದರೆ ಜನರ ಚಪ್ಪಾಳೆ ಮುಂದಿನ ಪೆಟ್ಟಿಗಿಂತ ಒಂಚೂರು ಮೊದಲು ಬಂದು ಬೀಳುತ್ತೆ. ಅದನ್ನ ಕೇಳಿಕೊಂಡು ನುಡಿಸಿದರೆ ಡ್ರಮ್ಮರ್ ಎಳೆದಾಡಿ ಹೋಗ್ತಾನೆ.

ಹಾಗಾಗಿ ದೊಡ್ಡ ವೇದಿಕೆಯಲ್ಲಿ ಕಿವಿಯೊಳಗೆ ಮಾನಿಟರ್, ಅಂದರೆ ತಮ್ಮ ತಂಡದ ಸದ್ದು ನೇರ ಕೇಳಿಸೋ ಇಯರ್‌ಫೋನ್, ಹಾಕಿಕೊಳ್ಳಲೇಬೇಕು. ಹಾಕಿದ ತಕ್ಷಣ ಹೊರಗಿನ ಸದ್ದು 20 ಡೆಸಿಬಲ್ಲಿಗಿಂತ ಹೆಚ್ಚು ಕಡಿಮೆಯಾಗುತ್ತೆ. ಜನ ಏನು ಕೂಗಿದರು, ಯಾವ ಸಾಲಿಗೆ ಉಸಿರು ಬಿಗಿಹಿಡಿದರು ಅನ್ನೋದು ಗಾಯಕರಿಗೆ ಕೇಳಿಸೋದೇ ಇಲ್ಲ. ಜನರ ಕಡೆ ಎರಡು ಮೈಕ್ ತಿರುಗಿಸಿಟ್ಟು ಅದನ್ನ ಮಾನಿಟರಿಗೆ ಬೆರೆಸಬಹುದು, ಒಳ್ಳೆ ತಂಡಗಳು ಮಾಡ್ತಾರೆ. ಆದರೂ ಅದು ಕಿಟಕಿಯಿಂದ ಬೀದಿ ನೋಡಿದ ಹಾಗೆ.

ಅದರ ಮೇಲೆ ಲೈಟು, ಹಿಂದಿನ ಪರದೆಯ ವಿಡಿಯೋ ಎಲ್ಲ ಹಾಡಿನ ಜೊತೆ ಹೆಜ್ಜೆ ಹಾಕಬೇಕಾದರೆ ಕ್ಲಿಕ್ ಟ್ರ್ಯಾಕ್ ಬೇಕು, ಅಂದರೆ ಒಂದೇ ವೇಗದಲ್ಲಿ ಕಿವಿಯೊಳಗೆ ಬಡಿಯೋ ಟಿಕ್ ಟಿಕ್ ಸದ್ದು. ಕ್ಲಿಕ್ ಬಂತು ಅಂದರೆ ಲಯ ಒಂದೇ ವೇಗಕ್ಕೆ ಕಟ್ಟುಬಿತ್ತು. ಚಿಕ್ಕ ಹಾಲಿನಲ್ಲಿ ಒಂದೇ ಸಾಲನ್ನ ನಾಲ್ಕು ಸಲ ಹಾಡಿ, ಜನರ ಮುಖ ನೋಡಿ ಐದನೇ ಸಲಕ್ಕೆ ಎತ್ತಿಕೊಳ್ತಿದ್ದರಲ್ಲ, ಅದು ಮಾಡೋಕಾಗಲ್ಲ. "ಕಟ್ಟಿಹಾಕಿದ ಹಾಗಿದೆ" ಅಂತ ಹಳೇ ಕೇಳುಗರು ಅನ್ನೋದು ಇದನ್ನೇ.

ಮೊದಲ_ಸಾಲು

ಗೆಜ್ಜೆ ವಿಷಯ ಕೇಳಬೇಕಿತ್ತು. ಹತ್ತಿರ ಕೂತಾಗ ಹೆಜ್ಜೆ ಹೆಜ್ಜೆಗೂ ಕೇಳ್ತಿದ್ದ ಗೆಜ್ಜೆ, ದೊಡ್ಡ ಕಾರ್ಯಕ್ರಮದಲ್ಲಿ ಕಣ್ಣಿಗೆ ಮಾತ್ರ ಕಾಣುತ್ತೆ. ಯಾಕೆ?

ಮಿಕ್ಸರ್_ಹಿಂದೆ

ಗೆಜ್ಜೆಯ ಸದ್ದೆಲ್ಲ ಮೇಲಿನ ಸ್ವರದಲ್ಲಿ, ಹೆಚ್ಚಾಗಿ 5 ಕಿಲೋಹರ್ಟ್ಜ್ ಮೇಲೆ. ಡ್ರಮ್ ಕಿಟ್ಟಿನ ತಾಳದ ತಟ್ಟೆಗಳೂ ಅಲ್ಲೇ ಕೂತಿರ್ತವೆ, ಅವು ಗೆಜ್ಜೆಯನ್ನ ನುಂಗಿಬಿಡ್ತವೆ. ಚಿಕ್ಕ ಹಾಲಿನಲ್ಲಿ ಗೆಜ್ಜೆ ನೇರ ಕಾಲಿಂದ ನಿಮ್ಮ ಕಿವಿಗೆ ಬರ್ತಿತ್ತು, ಮೈಕೇ ಬೇಕಿರಲಿಲ್ಲ. ಮೈದಾನದಲ್ಲಿ ಮೈಕಿಲ್ಲದೆ ಬರೋದೇ ಇಲ್ಲ.

ಸಾಮಾನ್ಯವಾಗಿ ಆಗೋ ತಪ್ಪು ಏನು ಅಂದರೆ, ಗೆಜ್ಜೆ ಮೈಕಿಗೆ ನಾಯ್ಸ್ ಗೇಟ್ ಹಾಕ್ತಾರೆ. ಗೇಟು ಜೋರು ಪೆಟ್ಟಿಗೆ ತೆರೆಯುತ್ತೆ, ಪೆಟ್ಟು ಮುಗಿದ ಕೂಡಲೇ ಮುಚ್ಚುತ್ತೆ. ಗೆಜ್ಜೆಯ ಚೆಂದ ಇರೋದು ಪೆಟ್ಟಿನ ನಂತರ ಉದುರುವ ಆ ಝಲ್ಲಿನಲ್ಲಿ. ಗೇಟು ಅದನ್ನೇ ಕತ್ತರಿಸುತ್ತೆ. ಉಳಿಯೋದು ಬೀಗದ ಕೈ ಗೊಂಚಲು ಮೇಜಿಗೆ ಬಿದ್ದ ಸದ್ದು.

ಮಾಡಬೇಕಾದ್ದು: ವೇದಿಕೆಯ ಮುಂಭಾಗದ ನೆಲಕ್ಕೆ ಚಪ್ಪಟೆ ಬೌಂಡರಿ ಮೈಕ್ ಒಂದನ್ನ ಅಂಟಿಸಿ, ಡ್ರಮ್ಮಿನಿಂದ ಆದಷ್ಟು ದೂರ. ಕೆಳಗಿನ ಸ್ವರ ತಡೆಯೋ ಹಾಯ್-ಪಾಸ್ ಫಿಲ್ಟರನ್ನ 1.5 ಕಿಲೋಹರ್ಟ್ಜ್ ತನಕ ಏರಿಸಿ, ಹಲಗೆಯ ಧಡಧಡ ಪೂರ್ತಿ ಹೋಗಲಿ. ಗೇಟ್ ಬೇಡ. ಕುಣಿಯೋ ಭಾಗ ಬಂದಾಗ ಕೈಯಿಂದಲೇ ಫೇಡರ್ ಏರಿಸಿ ಇಳಿಸಿ. ಅಷ್ಟಕ್ಕೂ ಹಾಡು ಗೊತ್ತಿರೋ ಆಪರೇಟರ್ ಬೇಕು. ಉತ್ಸವಗಳಲ್ಲಿ ಆ ಊರಿನ ಆಪರೇಟರ್ ಕೂತಿರ್ತಾರೆ, ಅವರಿಗೆ ಹಾಡು ಹೊಸದು. ತಂಡ ತನ್ನದೇ ಎಂಜಿನಿಯರ್ ಕರೆದೊಯ್ದ ದಿನಕ್ಕೂ ಕರೆದೊಯ್ಯದ ದಿನಕ್ಕೂ ಅಜಗಜಾಂತರ.

ಪಿಟೀಲೂ ಹೀಗೇ. ಪೀಜೋ ಪಿಕಪ್ (ವಾದ್ಯದ ಕಂಪನವನ್ನೇ ಹಿಡಿಯೋ ಸಾಧನ) ಹಾಕಿದ ಪಿಟೀಲನ್ನ, ವಾದ್ಯವನ್ನ ಮಿಕ್ಸರಿಗೆ ಸೇರಿಸೋ ಸಾಮಾನ್ಯ ಡಿಐ ಪೆಟ್ಟಿಗೆಗೆ ಚುಚ್ಚಿದರೆ ಕೆಳಗಿನ ಸ್ವರ ಸೋರಿಹೋಗಿ ತಗಡಿನ ಹಾಗೆ ಕೇಳುತ್ತೆ. ಅದಕ್ಕೆ ಕನಿಷ್ಠ 1 ಮೆಗಾಓಮ್ ಇನ್‌ಪುಟ್ ಇರೋ ಪ್ರೀಆಂಪ್ ಬೇಕು. 2ರಿಂದ 4 ಕಿಲೋಹರ್ಟ್ಜ್ ನಡುವೆ ಮೂರ್ನಾಲ್ಕು ಡೆಸಿಬಲ್ ಇಳಿಸಿದರೆ ಕಿವಿಗೆ ಚುಚ್ಚೋದು ನಿಲ್ಲುತ್ತೆ.

ಶಿಗ್ಗಾಂವಿ_ಭಜನಿ

ನಮಸ್ಕಾರ್ರೀ ಎಲ್ಲಾರಿಗೂ. ಮ್ಯಾಲ ಹೇಳಿದ್ದೆಲ್ಲಾ ಖರೇ ಅದ. ಆದ್ರ "ನಮ್ಮ ಹಾಡು" ಅನ್ನೂದನ್ನ ನೀವು 2008ರಿಂದ ಎಣಸಾಕತ್ತೀರಿ. ಶರೀಫಜ್ಜ ಹುಟ್ಟಿದ್ದು 1819ರಾಗ, ತೀರಿಕೊಂಡಿದ್ದು 1889ರಾಗ. ಆ ಪದಾ ನಿಮ್ಮ ಬ್ಯಾಂಡಿಗಿಂತ ಭಾಳ ಮೊದಲಿಂದ ಭಜನಿ ಮ್ಯಾಳದವರ ಬಾಯಾಗ ಅದಾವ್ರಿ.

ಭಜನಿಯೊಳಗ ಹೆಂಗ ಹಾಡ್ತಾರ ಅಂತ ಹೇಳ್ತೀನಿ, ಕೇಳ್ರಿ. ಪೇಟಿ ಒಂದು, ಡಗ್ಗಾ ತಬಲಾ, ತಾಳ, ದಮ್ಮಡಿ, ಇದ್ರ ಏಕತಾರಿ. ಮುಂದಿನಾವ ಒಂದು ಸಾಲು ಹೇಳ್ತಾನ, ಉಳಿದವರು ಅದನ್ನ ತಿರುಗಿಸಿ ಹೇಳ್ತಾರ. ಪಲ್ಲವಿ ನಿಧಾನಕ್ಕ ಎತ್ತಿ, ಕಡೀ ನುಡಿಗೆ ಬರೂದ್ರಾಗ ಲಯ ದುಪ್ಪಟ್ಟು ಆಗಿರ್ತದ. ಒಂದು ಪದಾ ಮುಗಿಲಿಕ್ಕೆ ಹತ್ತು ಹದಿನೈದು ನಿಮಿಷ ಬೇಕು. ಅಲ್ಲಿ ಕೇಳೋರು ಅಂತ ಬ್ಯಾರೆ ಇರಂಗಿಲ್ಲ, ಕುಂತವರೆಲ್ಲಾ ಹಾಡೋರ.

ಆಮ್ಯಾಲ ಕ್ಯಾಸೆಟ್ ಬಂತು. 60 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗಲಾ 30 ನಿಮಿಷ. ಆರು ಪದಾ ಹಿಡಸಬೇಕಂದ್ರ ಒಂದೊಂದಕ್ಕ ಐದ ನಿಮಿಷ. ನುಡಿ ಕಡಿಮಿ ಆದವು, ತಿರುಗಿಸಿ ಹೇಳೂದು ಹೋತು. ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಪದಾ ಹುಡುಕಿ ತಂದ್ರು, ಅದಕ್ಕ ಅವರನ್ನ ಮಂದಿ "ಶರೀಫ್ ಭಟ್ಟ" ಅಂತನ ಕರದ್ರು. ಸಿ. ಅಶ್ವತ್ಥ್ ಮಟ್ಟು ಹಾಕಿದ್ರು, ಶಿವಮೊಗ್ಗ ಸುಬ್ಬಣ್ಣನವರು ಹಾಡಿದ್ರು. 1990ರಾಗ ನಾಗಾಭರಣ ಅವರು ಶರೀಫಜ್ಜನ ಮ್ಯಾಲ ಸಿನಿಮಾ ತಗದ್ರು, ಸಂಗೀತ ಅಶ್ವತ್ಥ್ ಅವರದ. 2005ರಾಗ ಬೆಂಗಳೂರಿನ ಅರಮನಿ ಮೈದಾನದಾಗ "ಕನ್ನಡವೇ ಸತ್ಯ" ಅಂತ ಅಶ್ವತ್ಥ್ ಅವರು ಹಾಡಿದಾಗ ಮೈದಾನ ತುಂಬಿ ತುಳಕಿತ್ತು.

ಅಂದ್ರ ನಿಮ್ಮ ಬ್ಯಾಂಡಿನ ಕಿಂತ ಮೊದಲ ಈ ಪದಾ ಎರಡು ಸಲ ಮನಿ ಬದಲಿ ಮಾಡ್ಯಾವ. ಎರಡೂ ಸಲ ಏನೋ ಹೋತು, ಏನೋ ಬಂತು. ನಿಮ್ಮ ದುಃಖ ಸುಳ್ಳು ಅಂತ ನಾ ಅನ್ನಂಗಿಲ್ಲ. ಗುಡಿಯೊಳಗ ಕುಂತು ತಿರುಗಿಸಿ ಹಾಡಿದವರಿಗೂ ಅದ ದುಃಖ ಆಗಿರ್ತದ, ನೆನಪಿರಲಿ ಅಂತಷ್ಟ.

ಹೊಸ_ಕಿವಿ

ಅಣ್ಣಾ, ಇದು ಗೊತ್ತೇ ಇರಲಿಲ್ಲ. ಒಂದು ಪ್ರಶ್ನೆ: ಹಾಗಾದರೆ ಬ್ಯಾಂಡ್ ಹಾಡೋದು ಅಶ್ವತ್ಥ್ ಅವರ ಮಟ್ಟಿನಲ್ಲೋ, ಭಜನೆ ಮಟ್ಟಿನಲ್ಲೋ?

ಶಿಗ್ಗಾಂವಿ_ಭಜನಿ

ಎರಡೂ ಅಲ್ರಿ ತಮ್ಮಾ. "ಸೋರುತಿಹುದು" ಬ್ಯಾರೆನ ಮಟ್ಟು, ಗಿಟಾರಿನ ಮ್ಯಾಲ ಕಟ್ಟಿದ್ದು. ಪದಾ ಅಷ್ಟ ಅಜ್ಜಂದು.

ಕ್ಯಾಸೆಟ್_ಪೆಟ್ಟಿಗೆ

ಹಕ್ಕಿನ ವಿಷಯವನ್ನೂ ಇಲ್ಲೇ ಹೇಳಿಬಿಡ್ತೀನಿ, ಮುಂದೆ ಕವರ್ ಹಾಡಿ ಹಾಕೋರಿಗೆ ಉಪಯೋಗ ಆಗುತ್ತೆ. ಭಾರತದಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ. ಶರೀಫರ ಪದಗಳು ಯಾವತ್ತೋ ಎಲ್ಲರದ್ದಾಗಿವೆ. ಆದರೆ ಮಟ್ಟು ಬೇರೆ ಹಕ್ಕು. ಅಶ್ವತ್ಥ್ ಅವರು ತೀರಿಕೊಂಡಿದ್ದು 2009ರ ಡಿಸೆಂಬರಿನಲ್ಲಿ, ಅವರ ಮಟ್ಟು ಇನ್ನೂ ದಶಕಗಳ ಕಾಲ ಹಕ್ಕಿನೊಳಗೇ ಇರುತ್ತೆ. ರೆಕಾರ್ಡಿಂಗ್ ಇನ್ನೊಂದು ಹಕ್ಕು, ಅದು ಪ್ರಕಟವಾದ ಮೇಲೆ 60 ವರ್ಷ. "ಜನಪದ ತಾನೇ" ಅಂತ ಯಾರದೋ ಮಟ್ಟು ಎತ್ತಿಕೊಂಡು ಹಾಕಿದರೆ ವಿಡಿಯೋ ಕೆಳಗಿಳಿಯೋದು ಇದೇ ಕಾರಣಕ್ಕೆ.

ಮೈಸೂರು_ಬೀದಿ

ನೀವೆಲ್ಲ ತಾಂತ್ರಿಕವಾಗಿ ಚೆನ್ನಾಗಿ ಹೇಳಿದ್ದೀರಿ, ಆದರೆ ನೋವು ಅದೊಂದೇ ಅಲ್ಲ ರೀ. ಕನ್ನಡದ ಬ್ಯಾಂಡು ಅಂತ ಎದೆಯಲ್ಲಿಟ್ಟುಕೊಂಡಿದ್ದವರಿಗೆ, ದೊಡ್ಡದಾದ ಮೇಲೆ ಹಿಂದಿ ಹಾಡೇ ಮುಂದೆ ಬಂದಾಗ ಆಗೋ ಸಂಕಟ ಇದೆಯಲ್ಲ, ಅದಕ್ಕೆ ಯಾವ ಮೈಕ್ ಇಡ್ತೀರಿ?

ಮೊದಲ_ಸಾಲು

ಸಂಕಟ ಅರ್ಥ ಆಗುತ್ತೆ. ಆದರೆ 2008ರ ಆಲ್ಬಂ ಕೈಯಲ್ಲಿ ಹಿಡಿದು ಹಾಡುಗಳ ಪಟ್ಟಿ ನೋಡಿ. ಶರೀಫರ ಎರಡು ಪದ ಬಿಟ್ಟರೆ ಹೆಚ್ಚಿನವು ಹಿಂದಿ, ಇಂಗ್ಲಿಷೂ ಇದೆ. ಮೊದಲಿಂದಲೂ ಹಲವು ಭಾಷೆಯ ತಂಡವೇ. ಬದಲಾಗಿದ್ದು ಯಾವ ಹಾಡು ವೇದಿಕೆಗೆ ಬರುತ್ತೆ ಅನ್ನೋದು.

ಉತ್ಸವದಲ್ಲಿ ಒಂದು ತಂಡಕ್ಕೆ ಸಿಗೋದು ಸಾಮಾನ್ಯವಾಗಿ 40-45 ನಿಮಿಷ. ಎರಡು ತಂಡಗಳ ನಡುವೆ 15-20 ನಿಮಿಷದಲ್ಲಿ ಒಬ್ಬರ ಸಾಮಾನು ತೆಗೆದು ಇನ್ನೊಬ್ಬರದ್ದು ಇಡಬೇಕು. ಪೂರ್ತಿ ಸೌಂಡ್ ಚೆಕ್ ಇಲ್ಲ, ಪ್ರತಿ ಲೈನಲ್ಲಿ ಸದ್ದು ಬರ್ತಿದೆಯಾ ಅಂತ ನೋಡೋದಷ್ಟೇ. ನಮ್ಮಲ್ಲಿ ಬಯಲಲ್ಲಿ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು, ಅದು ಕಾನೂನು. ಸಂಜೆ ಅರ್ಧ ಗಂಟೆ ತಡವಾಗಿ ಶುರುವಾದರೆ ಆ ಅರ್ಧ ಗಂಟೆ ಹಾಡಿನಿಂದಲೇ ಕತ್ತರಿಸಿ ಹೋಗುತ್ತೆ. ಉಳಿಯೋದು ಎಂಟು ಹಾಡು. ಎಂಟರಲ್ಲಿ ಎಲ್ಲರೂ ಬಾಯಿಪಾಠ ಮಾಡಿರೋ ಆರು ಇರಲೇಬೇಕು. ನಿಧಾನದ ಪದ, ಹೊಸ ಪದ, ನಿಮ್ಮ ಪ್ರೀತಿಯ ಪದ ಬಿದ್ದುಹೋಗೋದು ಇಲ್ಲಿ.

ಇದಕ್ಕೆ ಕೇಳುಗರು ಮಾಡಬಹುದಾದ್ದು ಇದೆ. ಟಿಕೆಟ್ ಕೊಂಡು ಕೂತು ಕೇಳೋ ಎರಡು ಗಂಟೆಯ ಕಾರ್ಯಕ್ರಮಗಳನ್ನ ತುಂಬಿಸಿ. ಕಾರ್ಯಕ್ರಮಕ್ಕೆ ವಾರ ಮೊದಲು ಬೇಕಾದ ಹಾಡಿನ ಹೆಸರು ಬರೆದು ತಂಡಕ್ಕೆ ಕಳಿಸಿ, ಒಂದೇ ಹಾಡಿಗೆ ಇಪ್ಪತ್ತು ಜನ ಕೇಳಿದರೆ ಅವರು ಅಭ್ಯಾಸಕ್ಕೆ ತಗೊಳ್ತಾರೆ. ಹಾಡ್ತಾ ಇರುವಾಗ ಕೂಗಿದರೆ ಉಪಯೋಗವಿಲ್ಲ, ಕಿವಿಯಲ್ಲಿ ಮಾನಿಟರ್ ಇರುತ್ತೆ.

ಲೆಕ್ಕದ_ಪುಸ್ತಕ

"ಚಿಕ್ಕ ಹಾಲಲ್ಲೇ ಇರಬಾರದಿತ್ತಾ" ಅನ್ನೋರಿಗೆ ಬರೀ ಒಂದು ಲೆಕ್ಕ, ಉದಾಹರಣೆಗೆ ಹಾಕಿದ್ದು. 150 ಜನ, ತಲೆಗೆ 300 ರೂಪಾಯಿ ಅಂದರೆ 45,000. ಹಾಲ್ ಬಾಡಿಗೆ, ಸೌಂಡ್ ಸೇರಿ 20,000 ಕಳೀರಿ. ಊರಿಂದ ಊರಿಗೆ ಟೆಂಪೋ ಟ್ರಾವೆಲರ್, ಡೀಸೆಲ್, ಊಟ, ವಸತಿಗೆ 13,000. ಉಳಿದ 12,000ವನ್ನ ಐದು ಜನ ಕಲಾವಿದರು, ಒಬ್ಬ ಎಂಜಿನಿಯರ್ ಹಂಚಿಕೊಂಡರೆ ತಲೆಗೆ 2,000. ಆ ದಿನಕ್ಕೆ ಅಭ್ಯಾಸ ಮಾಡಿದ ಮೂರು ದಿನ ಇದರಲ್ಲಿಲ್ಲ. ತಿಂಗಳಿಗೆ ನಾಲ್ಕು ಕಾರ್ಯಕ್ರಮ ಸಿಕ್ಕರೂ ಮನೆ ಬಾಡಿಗೆ ಕಟ್ಟೋಕಾಗಲ್ಲ. ಒಳ್ಳೆ ಪಿಟೀಲಿನವರು ತಂಡ ಬಿಟ್ಟು ಹೋಗೋದು ಮನಸ್ತಾಪಕ್ಕೇ ಆಗಬೇಕಿಲ್ಲ, ಈ ಲೆಕ್ಕ ಸಾಕು.

ಸಿಯಾಟಲ್_ಕನ್ನಡಿಗ

ಈ ಬೇಸರದ ದೊಡ್ಡ ಉದಾಹರಣೆ ಇಲ್ಲಿನ ನಿರ್ವಾಣ ಅನ್ನೋ ರಾಕ್ ತಂಡ. ಮೊದಲ ಆಲ್ಬಂ 1989ರಲ್ಲಿ, ಧ್ವನಿಮುದ್ರಣದ ಖರ್ಚು 606 ಡಾಲರ್ 17 ಸೆಂಟ್. ಎರಡನೆಯದು 1991ರ ಸೆಪ್ಟೆಂಬರಿನಲ್ಲಿ. ಕಂಪನಿ ಅಮೆರಿಕದ ಅಂಗಡಿಗಳಿಗೆ ಮೊದಲು ಕಳಿಸಿದ್ದು ಸುಮಾರು 46,000 ಪ್ರತಿ ಮಾತ್ರ. 1992ರ ಜನವರಿಯಲ್ಲಿ ಮೈಕಲ್ ಜಾಕ್ಸನ್‌ನ ಆಲ್ಬಮನ್ನ ಕೆಳಗಿಳಿಸಿ ಅದು ಮೊದಲ ಸ್ಥಾನಕ್ಕೆ ಬಂತು.

ಇಲ್ಲಿ ಬೇಸರ ಅಭಿಮಾನಿಗಳಿಗಿಂತ ತಂಡಕ್ಕೇ ಹೆಚ್ಚಾಯ್ತು ಅನ್ನೋದು ಗಮನಿಸಬೇಕಾದ್ದು. 1993ರ ಆಲ್ಬಮ್ಮಿಗೆ ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿ ಅವರ ಹತ್ತಿರ ಹೋದರು. ಆತ ರಾಯಲ್ಟಿ ಬೇಡ ಅಂದು ಒಂದೇ ಸಲದ ಸಂಭಾವನೆ 1,00,000 ಡಾಲರ್ ಪಡೆದರು. ಕೋಣೆಯ ಗಾಳಿಯೂ ಕೇಳಿಸೋ ಹಾಗೆ ಡ್ರಮ್ಮಿನಿಂದ ದೂರದಲ್ಲೂ ಮೈಕ್ ಇಟ್ಟು ಹಿಡಿಯೋದು ಅವರ ಪದ್ಧತಿ. ಹಳೇ ಕೇಳುಗರು ಹುಡುಕ್ತಿದ್ದ ಹತ್ತಿರದ ಭಾವ ಅದರಲ್ಲಿ ವಾಪಸ್ ಬಂತು. ಕೋಣೆಯ ಸದ್ದನ್ನ ಬೇಕು ಅಂತ ಉಳಿಸಿಕೊಂಡರೆ ದೊಡ್ಡ ತಂಡಕ್ಕೂ ಅದು ಸಾಧ್ಯ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸೋದು 1993ರ ನವೆಂಬರಿನಲ್ಲಿ ಎಂಟಿವಿಗಾಗಿ ಕೂತು ಹಾಡಿದ ಅನ್‌ಪ್ಲಗ್ಡ್ ಕಾರ್ಯಕ್ರಮ. 14 ಹಾಡಲ್ಲಿ 6 ಬೇರೆಯವರದ್ದು. ಅದರಲ್ಲಿ 3 ಮೀಟ್ ಪಪೆಟ್ಸ್ ಅನ್ನೋ ಕಡಿಮೆ ಹೆಸರಿನ ತಂಡದ್ದು, ಆ ತಂಡದ ಅಣ್ಣತಮ್ಮಂದಿರನ್ನ ವೇದಿಕೆಗೆ ಕರೆದು ಪಕ್ಕದಲ್ಲೇ ಕೂರಿಸಿಕೊಂಡರು. ಇಡೀ ಜಗತ್ತು ನೋಡ್ತಿದ್ದ ಹೊತ್ತಲ್ಲಿ ಬೆಳಕನ್ನ ಪಕ್ಕಕ್ಕೆ ತಿರುಗಿಸಿದರು. ನಮ್ಮ ದೊಡ್ಡ ತಂಡಗಳೂ ಒಂದು ಭಜನಾ ಮೇಳವನ್ನ ಕಾರ್ಯಕ್ರಮದ ನಡುವೆ ಹತ್ತು ನಿಮಿಷ ಹೀಗೆ ಕೂರಿಸಬಹುದು. ಮೇಳಕ್ಕೆ ಬೇಕಾಗೋದು ನಾಲ್ಕು ಮೈಕು, ಒಂದು ಜಮಖಾನೆ.

ಶಿಗ್ಗಾಂವಿ_ಭಜನಿ

ಖರೇ ಮಾತಾಡಿದ್ರಿ. ಆದ್ರ ನಾಲ್ಕು ಸಾಲಂಗಿಲ್ಲ. ಹೇಳಾವಗ ಒಂದು, ಹಿಮ್ಮೇಳಕ್ಕ ಎರಡು, ಪೇಟಿಗೆ ಒಂದು, ಡಗ್ಗಾ ತಬಲಾಕ್ಕ ಎರಡು. ತಾಳಕ್ಕ ಮೈಕ್ ಕೊಡಬ್ಯಾಡ್ರಿ, ಅದು ತಾನ ಎಲ್ಲಾದ್ರಾಗೂ ಬರ್ತದ.

ಕ್ಯಾಸೆಟ್_ಪೆಟ್ಟಿಗೆ

ಹಳೇ ಕೇಳುಗರಾಗಿ ನಮ್ಮ ಕೈಲಿರೋ ಕೆಲಸ ಒಂದಿದೆ: ಹಳೇ ಧ್ವನಿಮುದ್ರಣ ಉಳಿಸೋದು. ತಂಡ ದೊಡ್ಡದಾದ ಮೇಲೆ ಮೊದಲ ದಿನಗಳ ಡೆಮೋ ಅವರ ಹತ್ತಿರವೇ ಇರಲ್ಲ. ಆ ಕಾಲದ ಅನೇಕ ತಂಡಗಳು ಮೈಸ್ಪೇಸ್ ಅನ್ನೋ ಜಾಲತಾಣಕ್ಕೆ ಹಾಕಿದ್ದವು. ಅಲ್ಲಿ 2003ರಿಂದ 2015ರ ತನಕ ಹಾಕಿದ್ದ ಹಾಡುಗಳು ಅಳಿಸಿಹೋದವು ಅಂತ 2019ರಲ್ಲಿ ಕಂಪನಿಯೇ ಒಪ್ಪಿಕೊಂಡಿತು.

ಮನೆಯಲ್ಲಿ ಬರ್ನ್ ಮಾಡಿದ ಸಿ.ಡಿ.ಗಳಿದ್ದರೆ ಮೊದಲು ಅವನ್ನ ತೆಗೀರಿ, ಅಂಗಡಿ ಸಿ.ಡಿ. ಆಮೇಲೆ. ಬರ್ನ್ ಮಾಡಿದ್ದರಲ್ಲಿ ಹಾಡು ಕೂತಿರೋದು ಬಣ್ಣದ ಪದರದ ಮೇಲೆ, ಬಿಸಿಲು ಸೆಖೆಗೆ ಅದು ಮಾಸುತ್ತೆ. ಒರೆಸುವಾಗ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿ. ಸುತ್ತ ತಿರುಗಿಸಿ ಒರೆಸಿದರೆ ಗೀರು ಟ್ರ್ಯಾಕಿನ ಉದ್ದಕ್ಕೂ ಬಿದ್ದು ಡ್ರೈವಿಗೆ ಸರಿಪಡಿಸಿಕೊಳ್ಳೋಕೆ ಆಗಲ್ಲ. ಒಂದೇ ಜಾಗವನ್ನ ಮತ್ತೆ ಮತ್ತೆ ಓದಿ ತಾಳೆ ನೋಡುವ ರಿಪ್ಪಿಂಗ್ ತಂತ್ರಾಂಶ ಬಳಸಿ, ವೇಗ 4 ಅಥವಾ 8ಕ್ಕೆ ಇಳಿಸಿ. ಫ್ಲ್ಯಾಕ್ ರೂಪದಲ್ಲಿ ಇಡಿ, ಜಾಗ ಹೆಚ್ಚುಕಮ್ಮಿ ಅರ್ಧ ಆಗುತ್ತೆ, ಗುಣ ಒಂದಿಷ್ಟೂ ಹೋಗಲ್ಲ. ನಿಮ್ಮ ಹತ್ತಿರ ಇರೋದು ಎಂಪಿ3 ಮಾತ್ರ ಅಂದರೆ ಹಾಗೇ ಬಿಡಿ, ಫ್ಲ್ಯಾಕಿಗೆ ಬದಲಿಸಿದರೆ ಕಳೆದದ್ದು ವಾಪಸ್ ಬರಲ್ಲ. ಮುಂದಿನವರು ಮೂಲಪ್ರತಿ ಅಂತ ಮೋಸ ಹೋಗ್ತಾರೆ. ಒಳಗಿನ ಕಾಗದವನ್ನ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಯಾರು ತಬಲಾ ನುಡಿಸಿದರು ಅನ್ನೋ ಹೆಸರು ಬಹಳ ಸಲ ಅಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲ್ಲ.

ಮೂರು ಪ್ರತಿ ಇಡಿ, ಒಂದು ಬೇರೆ ಊರಲ್ಲಿರಲಿ. ತಂಡಕ್ಕೆ ಒಂದು ಪ್ರತಿ ಕಳಿಸಿ. ಸಾರ್ವಜನಿಕವಾಗಿ ಹಾಕೋದು ಅವರು ಹೂಂ ಅಂದ ಮೇಲೆ ಮಾತ್ರ.

ಹೊಸ_ಕಿವಿ

ಅಕ್ಕಾ, ಹಳೇ ಸಿ.ಡಿ.ಯಲ್ಲಿ ಇರೋ ಜೋರು ಈಗ ಆ್ಯಪಿನಲ್ಲಿ ಕೇಳಿದರೆ ಇಲ್ಲ. ಹೊಸದಾಗಿ ಮಿಕ್ಸ್ ಮಾಡಿ ಹಾಳು ಮಾಡಿದ್ದಾರಾ?

ಮಿಕ್ಸರ್_ಹಿಂದೆ

ಹೆಚ್ಚಿನ ಸಲ ಹಾಗೇನೂ ಆಗಿರಲ್ಲ. 2000ದ ದಶಕದ ಸಿ.ಡಿ.ಗಳನ್ನ ತುಂಬ ಜೋರಾಗಿ ಮಾಸ್ಟರ್ ಮಾಡ್ತಿದ್ದರು, ಮೈನಸ್ 8 ಲಫ್ಸ್ (ಹಾಡಿನ ಒಟ್ಟು ಜೋರು ಅಳೆಯೋ ಮಾನ) ಆಸುಪಾಸು ಸಾಮಾನ್ಯ. ಹಲವು ಆ್ಯಪುಗಳು ಎಲ್ಲ ಹಾಡನ್ನೂ ಮೈನಸ್ 14ರ ಹತ್ತಿರಕ್ಕೆ ತರ್ತವೆ. 6 ಡೆಸಿಬಲ್ ಇಳಿದಿದ್ದು ನಿಮ್ಮ ಕಿವಿಗೆ "ಸಪ್ಪೆ" ಅನ್ನಿಸುತ್ತೆ. ಆ್ಯಪಿನ ಸೆಟ್ಟಿಂಗಿನಲ್ಲಿ ವಾಲ್ಯೂಮ್ ನಾರ್ಮಲೈಸೇಷನ್ ಆಫ್ ಮಾಡಿ ಕೇಳಿ. ಎರಡನ್ನೂ ಹೋಲಿಸೋದಾದರೆ ಮೊದಲು ಜೋರು ಸಮ ಮಾಡಿಕೊಳ್ಳಿ, ಯಾವುದು ಯಾವುದು ಅಂತ ಕಾಣದ ಹಾಗೆ ಬೇರೆಯವರ ಕೈಲಿ ಹಾಕಿಸಿ. ಅರ್ಧ ಡೆಸಿಬಲ್ ಹೆಚ್ಚಿರೋದೇ ಮನುಷ್ಯನಿಗೆ ಚೆನ್ನಾಗಿದೆ ಅನ್ನಿಸಿಬಿಡುತ್ತೆ.

ಮೈಸೂರು_ಬೀದಿ

ಸರಿ, ಒಪ್ಪಿದೆ. ನನ್ನ ಹತ್ತಿರ ಹಳೇ ಡೆಮೋ ಡಿಸ್ಕ್ ಎರಡಿವೆ, ತೆಗೆದಿಡ್ತೀನಿ. ಹಾಡಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಹಾಕಲಾ?

ಕ್ಯಾಸೆಟ್_ಪೆಟ್ಟಿಗೆ

ಕನ್ನಡ ಅಕ್ಷರದಲ್ಲೇ ಹಾಕಿ, ಅದರ ಕೆಳಗೆ ಇನ್ನೊಂದು ಸಾಲಲ್ಲಿ ಇಂಗ್ಲಿಷ್ ಅಕ್ಷರ. ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ, ಒಂದೇ ಪದ ನಾಲ್ಕು ಹೆಸರಲ್ಲಿ ಕೂತಿರುತ್ತೆ, ಹುಡುಕಿದರೆ ಸಿಗಲ್ಲ. ಬರೆದವರ ಜಾಗದಲ್ಲಿ ಶಿಶುನಾಳ ಶರೀಫ ಅಂತ, ಮಟ್ಟಿನ ಜಾಗದಲ್ಲಿ ತಂಡದ ಹೆಸರು. ಎರಡನ್ನೂ ಬೇರೆ ಬೇರೆ ಇಡಿ.

ಶಿಗ್ಗಾಂವಿ_ಭಜನಿ

ಮತ್ತ "ಮನೆಯ ಮಾಳಿಗೆ" ಅಂತ ತಿದ್ದಬ್ಯಾಡ್ರಿ. ಅಜ್ಜನ ಬಾಯಾಗ ಅದು "ಮನಿಯ ಮಾಳಿಗಿ".